ಸಣ್ಣ ಆಟದ ದಲಾಲಿ: ತಿಪಟೂರಿನ ಒಂದು ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಮನೆಯ ವಿವರಗಳನ್ನು ಬದಲಿಸಿದೆ.)

ಮೊದಲು ಬಂದವರು ಹೆಂಡತಿ. ತಿಪಟೂರಿನಿಂದ ತುಮಕೂರಿನ ನಮ್ಮ ಸಮಾಲೋಚನೆಗೆ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. "ಅಮೆರಿಕದಿಂದ ಬಂದ್ಮೇಲೆ ನಮ್ಮೆಜಮಾನ್ರು ಮೊದಲಿನ ಹಾಗಿಲ್ಲ ಮೇಡಂ. ನಡುರಾತ್ರಿ ಎದ್ದು ಕೂತು ಏನೋ ಲೆಕ್ಕ ಹಾಕ್ತಿರ್ತಾರೆ. ಕೇಳಿದ್ರೆ ಸಿಡುಕ್ತಾರೆ." ಯಜಮಾನರಿಗೆ 63 ವರ್ಷ. ಮೂವತ್ತು ವರ್ಷ ಕೊಬ್ಬರಿ ಮಂಡಿ ನಡೆಸಿ ವ್ಯಾಪಾರವನ್ನು ತಮ್ಮನಿಗೆ ಬಿಟ್ಟಿದ್ದಾರೆ. ಅರಿಜೋನಾದಲ್ಲಿರುವ ಮಗನ ಮನೆಯಲ್ಲಿ ಇಬ್ಬರೂ ಮೂರು ತಿಂಗಳು ಇದ್ದು ಬಂದಿದ್ದರು. ಅಲ್ಲಿ ಆಕೆಗೆ ಮೊಮ್ಮಗುವಿನ ಆರೈಕೆ ಇತ್ತು. ಇವರಿಗೆ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಏನೂ ಇರಲಿಲ್ಲ. ಕಾರು ಓಡಿಸುವಂತಿಲ್ಲ, ಮಾತಾಡಲು ಜನವಿಲ್ಲ. ಮಗ ಆಫೀಸಿಗೆ ಹೋಗುವಾಗ ಲೈಬ್ರರಿಯ ಹತ್ತಿರ ಇಳಿಸುತ್ತಿದ್ದ. ಅಲ್ಲಿ ಪರಿಚಯವಾದ ನಿವೃತ್ತರೊಬ್ಬರು ಇವರನ್ನು ಕ್ಯಾಸಿನೊದಲ್ಲಿ ಪೋಕರ್ ಎಂಬ ಹಣದ ಇಸ್ಪೀಟು ಆಡುವ ಕೋಣೆಗೆ ಕರೆದುಕೊಂಡು ಹೋದರು. ಆಮೇಲೆ ವಾರಕ್ಕೆ ಮೂರು ದಿನ, ಹೋದಾಗಲೆಲ್ಲ ಐದೈದು ಗಂಟೆ, ಹನ್ನೊಂದು ವಾರ. ಮನೆಯವರ ಲೆಕ್ಕದಲ್ಲಿ ಅವರು ಲೈಬ್ರರಿಯಲ್ಲೇ ಇದ್ದರು.

ಎರಡನೇ ಭೇಟಿಗೆ ಅವರೇ ಬಂದರು. "ಅದು ಜೂಜಲ್ಲ ಮೇಡಂ, ಸಣ್ಣ ಆಟ. ಒಂದ್ಸಲಕ್ಕೆ 4 ಡಾಲರ್, 8 ಡಾಲರ್. ಲೆಕ್ಕ ಸಮ ಇದೆ" ಎಂಬುದು ಅವರ ಮೊದಲ ಮಾತು. ಇದನ್ನು ಸುಳ್ಳೆಂದು ತಳ್ಳಿಹಾಕಿದರೆ ಸಮಾಲೋಚನೆ ಅಲ್ಲಿಗೇ ಮುಗಿಯುತ್ತದೆ. ಆಟದ ಸ್ವರೂಪ ಅವರು ಹೇಳಿದ ಹಾಗೇ ಇದೆ. 4–8ರ ಲಿಮಿಟ್ ಹೋಲ್ಡೆಮ್ ಎಂಬ ಈ ಬಗೆಯ ಪೋಕರ್‌ನಲ್ಲಿ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಒಂದು ಸಲಕ್ಕೆ ಕಟ್ಟುವ ಹಣವೇ ಪಟ್ಟು: ಮೊದಲ ಎರಡು ಸುತ್ತಿಗೆ 4 ಡಾಲರ್‌ನ ಪಟ್ಟು, ಕೊನೆಯ ಎರಡು ಸುತ್ತಿಗೆ 8ರ ಪಟ್ಟು. ಒಂದು ಸುತ್ತಿನಲ್ಲಿ ಇಷ್ಟೇ ಸಲ ಏರಿಸಬಹುದೆಂಬ ಮಿತಿಯೂ ಉಂಟು. ಒಂದೇ ಆಟದಲ್ಲಿ ಮನೆ ಮಠ ಹೋಗುವುದಿಲ್ಲ. ಈ ಆಟದಲ್ಲಿ ಹಣ ಹೋಗುವುದು ಬೇರೆ ದಾರಿಯಲ್ಲಿ, ನಿಧಾನವಾಗಿ. ಅದನ್ನು ತೋರಿಸಲು ಬೈಗುಳವಾಗಲಿ ಬುದ್ಧಿವಾದವಾಗಲಿ ಬೇಕಿರಲಿಲ್ಲ, ಕಿರ್ದಿ ಪುಸ್ತಕ ಸಾಕಿತ್ತು.

ಮೂರನೇ ಭೇಟಿಯಲ್ಲಿ ಮಗ ಫೋನಿನಲ್ಲಿ ಜೊತೆಗೂಡಿದ. ಕ್ಯಾಸಿನೊದ ಸದಸ್ಯ ಕಾರ್ಡಿನಲ್ಲಿ ಆಡಿದ ಗಂಟೆಗಳು ದಾಖಲಾಗಿದ್ದವು: 33 ದಿನ, 165 ಗಂಟೆ. ಎಟಿಎಂನಿಂದ ತೆಗೆದದ್ದು, ಉಳಿಸಿ ತಂದದ್ದು ಎಲ್ಲ ಕೂಡಿ ಕಳೆದರೆ ಹೋದದ್ದು 1,940 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಸುಮಾರು 1 ಲಕ್ಷ 65 ಸಾವಿರ. ಯಜಮಾನರು ಆ ಅಂಕಿಯನ್ನು ಬಹಳ ಹೊತ್ತು ನೋಡುತ್ತ ಕುಳಿತರು. ಅವರು ಬೇಕೆಂದೇ ಮುಚ್ಚಿಟ್ಟಿರಲಿಲ್ಲ, ಸಮ ಇದೆ ಎಂದು ನಿಜವಾಗಿ ನಂಬಿದ್ದರು.

ನಂಬಲು ಕಾರಣವೂ ಇತ್ತು. ಈ ಆಟದಲ್ಲಿ ಗಂಟೆಗೆ ಸುಮಾರು ಹತ್ತು ದೊಡ್ಡ ಪಟ್ಟಿನಷ್ಟು, ಅಂದರೆ 80 ಡಾಲರಿನಷ್ಟು, ಅದೃಷ್ಟದ ಏರಿಳಿತ ಸಹಜ. ಗೆಲುವು ಸೋಲು ಒಂದನ್ನೊಂದು ಹೊಡೆದುಹಾಕುವುದರಿಂದ ಐದು ಗಂಟೆ ಕೂತರೆ ಅದು 400 ಆಗದೆ 180ರ ಹತ್ತಿರ ಬರುತ್ತದೆ. ಇವರ ಸರಾಸರಿ ನಷ್ಟ ದಿನಕ್ಕೆ 59 ಡಾಲರ್. 180ರ ಅಲೆಯಡಿ 59ರ ಇಳಿತ ಕಾಣುವುದೇ ಇಲ್ಲ. 33 ದಿನದಲ್ಲಿ 12 ದಿನ ಅವರು ಗೆದ್ದೇ ಎದ್ದಿದ್ದರು, ಅದರಲ್ಲೂ ಮೊದಲ ವಾರ 310 ಡಾಲರ್ ಗೆದ್ದಿದ್ದರು. ಮನಸ್ಸು ಹಿಡಿದಿಟ್ಟುಕೊಂಡದ್ದು ಆ ವಾರವನ್ನು.

ಆಮೇಲೆ ದಲಾಲಿಯ ಲೆಕ್ಕ. ಇವರು ಕೂರುತ್ತಿದ್ದ ಮೇಜಿನಲ್ಲಿ ಪ್ರತಿ ಆಟದ ಹಣದಿಂದ ಕ್ಯಾಸಿನೊದ ಪಾಲು ಹೆಚ್ಚೆಂದರೆ 4 ಡಾಲರ್, ಜಾಕ್‌ಪಾಟ್ ನಿಧಿಗೆ 1, ಗೆದ್ದವರು ಎಲೆ ಹಂಚುವವರಿಗೆ ಕೊಡುವ ಟಿಪ್ಸ್ 1. ಕಡಿಮೆ ಹಣ ಸೇರುವ ಆಟಗಳೂ ಇರುವುದರಿಂದ ಸರಾಸರಿ 5 ಎಂದು ಹಿಡಿಯೋಣ. ಗಂಟೆಗೆ 30 ಆಟ, ಅಂದರೆ ಮೇಜಿನಿಂದ 150 ಡಾಲರ್ ಹೊರಗೆ. ಒಂಬತ್ತು ಜನಕ್ಕೆ ಹಂಚಿದರೆ ತಲೆಗೆ 16 ಡಾಲರ್ ಚಿಲ್ಲರೆ, ಎರಡು ದೊಡ್ಡ ಪಟ್ಟಿಗೆ ಸಮ. ಪಳಗಿದ ಆಟಗಾರರೇ ಇಂಥ ಆಟದಲ್ಲಿ ಗಂಟೆಗೆ ಒಂದು ದೊಡ್ಡ ಪಟ್ಟು ಉಳಿಸಿದರೆ ಚೆನ್ನಾಗಿ ಆಡಿದರೆಂದು ಅರ್ಥ. ಪಟ್ಟು ಚಿಕ್ಕದಾದಷ್ಟೂ ಈ ಕಡಿತ ಭಾರ. "ಕ್ವಿಂಟಲ್ ಕೊಬ್ಬರಿಗೆ ಕಮಿಷನ್ ಎಷ್ಟು, ಹಮಾಲಿ ಎಷ್ಟು ಅಂತ ನಿದ್ದೆಯಲ್ಲೂ ಹೇಳ್ತೀನಿ. ಇದನ್ನ ಮಾತ್ರ ಲೆಕ್ಕ ಹಾಕಲೇ ಇಲ್ಲವಲ್ಲ" ಎಂದರು.

165 ಗಂಟೆಗೆ ತಲೆಪಾಲು 2,700 ಡಾಲರ್ ದಾಟುತ್ತದೆ, ಇವರು ಕಳೆದುಕೊಂಡದ್ದು 1,940. ಜೊತೆಗಾರರಿಗಿಂತ ಇವರು ಚೆನ್ನಾಗಿಯೇ ಆಡಿರಬಹುದು. ಇದನ್ನು ಹೇಳುವುದೋ ಬೇಡವೋ ಎಂದು ಯೋಚಿಸಬೇಕಾಯಿತು, ಏಕೆಂದರೆ "ಹಾಗಾದರೆ ಇನ್ನೂ ಸ್ವಲ್ಪ ಕಲಿತರೆ ಸಾಕು" ಎಂಬ ಆಸೆ ಅಲ್ಲಿಂದಲೇ ಹುಟ್ಟಬಹುದು. ಆದರೂ ಹೇಳಿದೆವು, ಕೂಡಲೇ ಒಂದು ಆಟವನ್ನು ಬಿಡಿಸಿ ತೋರಿಸಿದೆವು. ಕೈಯಲ್ಲಿ ಒಂಬತ್ತು, ಏಳು. ಮೇಜಿನ ಮೇಲೆ ಹತ್ತು, ಆರು, ರಾಜ, ಎರಡು. ಇನ್ನು ತೆರೆಯುವುದು ಒಂದೇ ಎಲೆ. ಅದು ಎಂಟಾದರೆ ಆರರಿಂದ ಹತ್ತರವರೆಗೆ ಸಾಲು ಕೂಡುತ್ತದೆ, ಆಗ ಮಾತ್ರ ಗೆಲುವು. ಕಾಣದ 46 ಎಲೆಗಳಲ್ಲಿ ಎಂಟು ಇರುವುದು ನಾಲ್ಕೇ. ನಡುವೆ 40 ಡಾಲರ್ ಬಿದ್ದಿದೆ, ಉಳಿಯಲು 8 ಕಟ್ಟಬೇಕು. ಇದೇ ಸಂದರ್ಭ 46 ಸಲ ಬಂದರೆ ನಾಲ್ಕು ಸಲ 40ರಂತೆ 160 ಸಿಗುತ್ತದೆ, 42 ಸಲ 8ರಂತೆ 336 ಹೋಗುತ್ತದೆ. ಪ್ರತಿ ಸಲ ಸರಾಸರಿ 3 ಡಾಲರ್ 80 ಸೆಂಟ್ ನಷ್ಟ. ಗೆದ್ದಾಗ ಕೊನೆಯ ಸುತ್ತಿನಲ್ಲಿ ಇನ್ನೊಂದು 8 ದಕ್ಕಿದರೂ ನಷ್ಟ 3ರ ಕೆಳಗೆ ಇಳಿಯುವುದಿಲ್ಲ. "ಇಂಥದ್ದನ್ನು ದಿನಕ್ಕೆ ಎಷ್ಟು ಸಲ ಕಟ್ಟುತ್ತಿದ್ದಿರಿ?" "ಎಂಟೇ ಅಲ್ವಾ ಅಂತ ಕಟ್ಬಿಡ್ತಿದ್ದೆ." ಎಲೆ ಎಸೆದು ಸುಮ್ಮನೆ ಕೂರಲು ಅವರಿಗೆ ಆಗುತ್ತಿರಲಿಲ್ಲ. ಮನೆಯ ಬೇಸರ ಕಳೆಯಲು ಬಂದವರಿಗೆ ಮೇಜಿನಲ್ಲೂ ಬೇಸರ ಸಹಿಸುವುದು ಕಷ್ಟ. ಈ ಆಟದಲ್ಲಿ ಗೆಲ್ಲುವವರು ಹೆಚ್ಚಿನ ಹೊತ್ತು ಮಾಡುವುದು ಅದನ್ನೇ.

ಇದು ಕಾಯಿಲೆಯೇ? ಜೂಜಿನ ವ್ಯಸನವನ್ನು ಗುರುತಿಸಲು ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ-5ರ ಪಟ್ಟಿಯಲ್ಲಿ ಒಂಬತ್ತು ಲಕ್ಷಣಗಳಿವೆ, 12 ತಿಂಗಳಲ್ಲಿ ನಾಲ್ಕಾದರೂ ಕಾಣಬೇಕು. ಇವರಲ್ಲಿ ಮೂರಿದ್ದವು: ಸದಾ ಅದೇ ಯೋಚನೆ, ಹೋದ ಹಣವನ್ನು ಆಡಿಯೇ ವಾಪಸು ತರುವ ಹಟ, ಮನೆಯವರಿಗೆ ಹೇಳಿದ ಸುಳ್ಳು. ಸಾಲ ಮಾಡಿಲ್ಲ, ಪಟ್ಟು ಏರಿಸಿಲ್ಲ. ರೋಗವೆಂಬ ಹೆಸರು ಕೊಡಲಿಲ್ಲ, ಆದರೆ ಸುಳ್ಳು ಮತ್ತು ಹಟ ಎರಡೂ ಜೊತೆಗಿರುವಾಗ "ಮಿತಿಯಲ್ಲಿ ಆಡಿ" ಎನ್ನುವುದು ನಮಗೆ ಸರಿ ಕಾಣಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಆರು ತಿಂಗಳು ಹಣವಿಟ್ಟು ಯಾವ ಆಟವೂ ಬೇಡ, ಕ್ಲಬ್ಬಿನ ರಮ್ಮಿಯೂ ಸೇರಿ. 1,940 ಡಾಲರನ್ನು ಪ್ರವಾಸದ ಖರ್ಚೆಂದು ಬರೆದು ಆ ಖಾತೆ ಮುಚ್ಚಬೇಕು. ಗೋವಾಕ್ಕೆ ಹೋಗಿ ಸರಿದೂಗಿಸುವ ಯೋಚನೆಯನ್ನು ಅವರೇ ಬಾಯಿಬಿಟ್ಟರು. ಅದಕ್ಕೆ ಖಡಾಖಂಡಿತವಾಗಿ ಬೇಡವೆಂದೆವು: ಅಲ್ಲಿ ನಡೆಯುವುದು ಹೆಚ್ಚಾಗಿ ನೋ-ಲಿಮಿಟ್, ಮುಂದಿಟ್ಟ ಹಣವೆಲ್ಲ ಒಂದೇ ಆಟದಲ್ಲಿ ಹೋಗಬಹುದು. ಲಿಮಿಟ್ ಆಟದ ಸಲುಗೆ ಅಲ್ಲಿ ಮುಳುಗಿಸುತ್ತದೆ. ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ, ಆ ದಾರಿಯೂ ಬೇಡ. ಆಸೆ ಎದ್ದಾಗ ಇಪ್ಪತ್ತು ನಿಮಿಷ ಮುಂದೂಡಿ, ಮನೆಯಿಂದ ಹೊರಗೆ ನಡೆದು, ತಮ್ಮನಿಗೆ ಫೋನ್ ಮಾಡಬೇಕು. ರಾತ್ರಿ ಲೆಕ್ಕ ತಲೆಗೆ ಬಂದರೆ ಹಾಸಿಗೆ ಬಿಟ್ಟೆದ್ದು ಕಾಗದದಲ್ಲಿ ಬರೆದಿಟ್ಟು ಮಲಗಬೇಕು.

ಹೆಂಡತಿಗೆ ಹೇಳಿದ್ದು ಬೇರೆ: "ಅಮ್ಮ, ದಿನಕ್ಕೆ ಹತ್ತು ಸಲ ಕೇಳಬೇಡಿ, ನೆಂಟರ ಮುಂದೆ ಎತ್ತಬೇಡಿ. ಭಾನುವಾರ ಕಾಫಿ ಕುಡಿಯುತ್ತ ಇಬ್ಬರೂ ಪಾಸ್‌ಬುಕ್ ನೋಡಿ, ಅಷ್ಟೇ." ಎಟಿಎಂ ಕಾರ್ಡು ಸದ್ಯಕ್ಕೆ ಆಕೆಯ ಹತ್ತಿರ. ಸಾಲ ತೆಗೆದದ್ದು ಗೊತ್ತಾದರೆ ತಡಮಾಡದೆ ನಮ್ಮಲ್ಲಿಗೆ ಬರಬೇಕು. ಬದುಕು ಸಾಕೆಂಬ ಮಾತು ಬಂದರೆ ಆ ಕ್ಷಣವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು, ಒಬ್ಬರನ್ನೇ ಬಿಡಬಾರದು.

ಮುಂದಿನ ಪ್ರಯಾಣಕ್ಕೆ ಅರಿಜೋನಾದಲ್ಲೇ ಒಂದು ಏರ್ಪಾಡಿದೆ. ತನ್ನನ್ನು ಒಳಗೆ ಬಿಡಬೇಡಿ ಎಂದು ಆಟಗಾರರೇ 1, 5 ಅಥವಾ 10 ವರ್ಷಕ್ಕೆ ಅಲ್ಲಿನ ಜೂಜು ಇಲಾಖೆಗೆ ಬರೆದುಕೊಡಬಹುದು, ಅವಧಿ ಮುಗಿಯುವವರೆಗೆ ಹಿಂತೆಗೆಯುವಂತಿಲ್ಲ. ಆದರೆ ಹಗಲಿನ ಹತ್ತು ಗಂಟೆ ಖಾಲಿಯೇ ಉಳಿದರೆ ಆ ಕಾಗದವೊಂದರಿಂದಲೇ ಕೆಲಸವಾಗದು. ಹಿರಿಯರ ಕೇಂದ್ರ, ದೇವಸ್ಥಾನದ ಅಡುಗೆಮನೆಯ ಕೆಲಸ, ವಾರಕ್ಕೆರಡು ದಿನ ಕನ್ನಡದವರ ಮನೆ, ಇವುಗಳನ್ನು ಟಿಕೆಟ್ ತೆಗೆಯುವ ಮೊದಲೇ ಗೊತ್ತುಮಾಡುವ ಹೊಣೆಯನ್ನು ಮಗ ಹೊತ್ತಿದ್ದಾನೆ.

ಐದನೇ ಭೇಟಿಯ ಹೊತ್ತಿಗೆ ಯಜಮಾನರು ಬೆಳಗಿನ ಹೊತ್ತು ತಮ್ಮನ ಮಂಡಿಯಲ್ಲಿ ಕಿರ್ದಿ ಬರೆಯಲು ಕೂರುತ್ತಿದ್ದರು. ನಿದ್ದೆ ಪರವಾಗಿಲ್ಲ. ಒಂದು ವರ್ಷದ ಅರ್ಜಿಗೆ ಒಪ್ಪಿದ್ದಾರೆ, ಐದು ವರ್ಷದ್ದೇ ಆಗಲಿ ಎಂಬುದು ಹೆಂಡತಿಯ ಪಟ್ಟು. ಅದಿನ್ನೂ ಇತ್ಯರ್ಥವಾಗಿಲ್ಲ.