ಬೇಡಿ ಪಡೆದ ಮಗು, ಬಾರದ ಹಾಡು: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯುವುದಕ್ಕೆ ಆ ತಾಯಿ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 33 ವರ್ಷ. ಉತ್ತರ ಕರ್ನಾಟಕದ ಒಂದು ಪಟ್ಟಣದ ಪ್ರಾಟೆಸ್ಟಂಟ್ ಸಭೆಗೆ ಸೇರಿದ ಕುಟುಂಬ. ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ ಹುಟ್ಟಿದ ಗಂಡುಮಗುವಿಗೆ ಆಗ ಹನ್ನೊಂದು ವಾರ. ಬಾಣಂತನಕ್ಕೆ ತವರಿಗೆ ಬಂದಿದ್ದ ಆಕೆಯನ್ನು ನನ್ನಲ್ಲಿಗೆ ಕರೆತಂದವರು ಆಕೆಯ ತಾಯಿ. "ಊಟಾ ಮಾಡವಲ್ಲಳು, ಕೂಸು ಮಲಗಿದ್ರೂ ಕಣ್ಣು ಮುಚ್ಚವಲ್ಲಳು" ಎಂದಷ್ಟೇ ಅವರು ಹೇಳಿದರು. ತಾಯಿ ಹೊರಗೆ ಹೋದ ಮೇಲೆ ಆಕೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೇ ಮಾತು ಹೇಳಿದರು: "ಹನ್ನ ಹಾಡಿದಳು ಮೇಡಂ. ನನಗ ಹಾಡೇ ಬರ್ತಿಲ್ಲ."

ಆ ಮಾತಿನ ಹಿಂದೆ ಏನಿತ್ತು ಎಂಬುದು ನಿಧಾನವಾಗಿ ತಿಳಿಯಿತು. ಮಕ್ಕಳಿಲ್ಲದ ವರ್ಷಗಳಲ್ಲಿ ಸಭೆಯ ಹೆಂಗಸರೆಲ್ಲ ಆಕೆಗಾಗಿ ಉಪವಾಸ ಪ್ರಾರ್ಥನೆ ಮಾಡಿದ್ದರು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಬಹುಕಾಲ ಮಕ್ಕಳಿಲ್ಲದೆ ದೇವರಲ್ಲಿ ಬೇಡಿ ಸಮುವೇಲನನ್ನು ಪಡೆದ ಹನ್ನಳ ಕಥೆಯನ್ನು ಆಕೆಯ ಮುಂದೆ ನೂರು ಸಲ ಹೇಳಿದ್ದರು. ಮಗು ಹುಟ್ಟಿದ ವಾರದಲ್ಲೇ ಅದನ್ನು ಸಮುವೇಲ ಎಂದು ಕರೆಯತೊಡಗಿದ್ದರು. ಸ್ತ್ರೀಯರ ಕೂಟದಲ್ಲಿ ಆಕೆ ನಿಂತು ಸಾಕ್ಷಿ ಹೇಳುವ, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳಿಕೊಳ್ಳುವ, ದಿನವನ್ನೂ ಗೊತ್ತುಮಾಡಿದ್ದರು. ಆದರೆ ಮಗುವನ್ನು ಎತ್ತಿಕೊಂಡಾಗ ತನಗೆ ಏನೂ ಅನಿಸುವುದಿಲ್ಲ, ಇದು ಬೇರೆ ಯಾರದೋ ಮಗು ಎನಿಸುತ್ತದೆ ಎಂಬುದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಅಳುವಾಗ ಕಂಡ ಅತ್ತೆ, "ಒಂಬತ್ತು ವರ್ಷ ಕಾದ ಮ್ಯಾಲೆ ದೇವರು ಕೊಟ್ಟಾನ, ಈಗ ಅತ್ತರ ಅವನಿಗೆ ಬ್ಯಾಸರ ಆಗೂದಿಲ್ಲೇನು?" ಎಂದಿದ್ದರಂತೆ. ಅವರು ಕೆಟ್ಟವರಲ್ಲ. ಸೊಸೆಯ ಅಳು ಅವರಿಗೆ ಅರ್ಥವಾಗಿರಲಿಲ್ಲ, ಅಷ್ಟೆ.

ಸತ್ಯವೇದದ ಮಾತಿಗೆ ನಾನು ಆ ದಿನ ಹೋಗಲಿಲ್ಲ. ಮೊದಲು ಆಕೆಯ ಜೀವಕ್ಕೆ ಅಪಾಯವಿದೆಯೇ ಎಂದು ತಿಳಿಯಬೇಕಿತ್ತು. ಎಡಿನ್‌ಬರೋ ಪ್ರಸವೋತ್ತರ ಖಿನ್ನತೆಯ ಮಾಪನ 1987ರಲ್ಲಿ ರೂಪುಗೊಂಡದ್ದು. ಹತ್ತು ಪ್ರಶ್ನೆಗಳ ಅದರ ಗರಿಷ್ಠ ಅಂಕ 30, ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಸಂಭವ ಹೆಚ್ಚು ಎಂದು ನೋಡುತ್ತೇವೆ. ಆಕೆಯ ಅಂಕ 19. ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕೇಳುವ ಹತ್ತನೆಯ ಪ್ರಶ್ನೆಗೆ ಆಕೆ "ಕೆಲವೊಮ್ಮೆ" ಎಂದರು. ನಾನು ನೇರವಾಗಿಯೇ ಕೇಳಿದೆ: ಸಾಯಬೇಕು ಅನಿಸುತ್ತದೆಯೇ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂಬ ಭಯವಿದೆಯೇ, ಬೇರೆಯವರಿಗೆ ಕೇಳಿಸದ ದನಿ ಕೇಳಿಸುತ್ತದೆಯೇ? ಈ ಪ್ರಶ್ನೆಗಳು ಇಲ್ಲದ ಯೋಚನೆಯನ್ನು ಹುಟ್ಟಿಸುವುದಿಲ್ಲ. ಇರುವುದನ್ನು ಹೇಳಿಕೊಳ್ಳಲು ದಾರಿ ಮಾಡಿಕೊಡುತ್ತವೆ. ತಾನಿಲ್ಲದಿದ್ದರೆ ಮಗುವನ್ನು ಒಳ್ಳೆಯವರು ಯಾರಾದರೂ ಬೆಳೆಸಿಯಾರು ಎಂಬ ಯೋಚನೆ ಆಕೆಗಿತ್ತು. ಸಾಯುವ ಯೋಜನೆಯಾಗಲಿ, ಮಗುವಿಗೆ ಕೇಡು ಮಾಡುವ ಯೋಚನೆಯಾಗಲಿ ಇರಲಿಲ್ಲ, ದನಿಗಳೂ ಇರಲಿಲ್ಲ. ಇದ್ದಿದ್ದರೆ ಅದು ನಮ್ಮ ಕಡೆ ಬಾಣಂತಿ ಸನ್ನಿ ಎನ್ನುವ ಸ್ಥಿತಿಯಾಗಿರುವ ಸಾಧ್ಯತೆ ಇತ್ತು, ಒಂದು ಗಂಟೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಿತ್ತು. ಆಕೆಯ ಒಪ್ಪಿಗೆ ಪಡೆದು ಗಂಡನನ್ನು ಕರೆಸಿ, ಅದೇ ದಿನ ಮನೋವೈದ್ಯರ ಬಳಿಗೆ ಕಳಿಸಿದೆ. ಅವರು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದುಕೊಟ್ಟರು. ರಾತ್ರಿ ಆಕೆ ಒಬ್ಬಳೇ ಇರಬಾರದು, ಕನಿಷ್ಠ ಐದು ಗಂಟೆ ಎಡೆಬಿಡದೆ ಮಲಗಬೇಕು, ಆ ಹೊತ್ತಿನಲ್ಲಿ ಮಗುವಿನ ಹೊಣೆ ಗಂಡ ಮತ್ತು ಅಜ್ಜಿಯದು ಎಂದು ಮನೆಯವರೊಂದಿಗೆ ನಿಗದಿ ಮಾಡಿದೆವು. ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮೂವರ ಫೋನಿನಲ್ಲೂ ಸೇರಿಸಿದೆವು.

ಮೂರನೆಯ ಭೇಟಿಯ ಹೊತ್ತಿಗೆ ನಿದ್ದೆ ಸ್ವಲ್ಪ ಕೂಡಿಬಂದಿತ್ತು. ಆಗ ಆಕೆಯೇ ಹನ್ನಳ ಮಾತಿಗೆ ಮರಳಿದರು. ನಂಬಿಕೆಯುಳ್ಳವರ ಅಪರಾಧಪ್ರಜ್ಞೆ ಅವರು ಓದಿದ ಗ್ರಂಥದ ಮಾತುಗಳಲ್ಲೇ ಕಟ್ಟಿಕೊಂಡಿರುತ್ತದೆ. ಅದನ್ನು ಹೊರಗಿನ ಮಾತಿನಿಂದ ಬಿಡಿಸುವುದು ಕಷ್ಟ ಎಂಬುದು ನನ್ನ ಅನುಭವ. ಆದ್ದರಿಂದ ಹನ್ನಳ ಕಥೆಯಿರುವ, ಸತ್ಯವೇದದ ಒಂದನೆಯ ಸಮುವೇಲ ಎಂಬ ಪುಸ್ತಕದ ಮೊದಲೆರಡು ಅಧ್ಯಾಯಗಳನ್ನು ಇಬ್ಬರೂ ಕೂಡಿ ನಿಧಾನವಾಗಿ ಓದಿದೆವು.

ಹನ್ನ ಹಾಡಿದ್ದು ಯಾವಾಗ ಎಂದು ಕೇಳಿದೆ. ಮಗು ಹುಟ್ಟಿದಾಗ ಎಂದರು. ಹುಡುಕಿ ನೋಡಲು ಹೇಳಿದೆ. ಆ ಹಾಡು ಬರುವುದು ಎರಡನೆಯ ಅಧ್ಯಾಯದಲ್ಲಿ, ಮಗು ಮೊಲೆಬಿಟ್ಟ ಮೇಲೆ, ಅವನನ್ನು ಆರಾಧನೆಯ ಸ್ಥಳವಾದ ಶೀಲೋವಿಗೆ ಕರೆದುಕೊಂಡು ಹೋಗಿ ಅಲ್ಲಿನ ಯಾಜಕ ಏಲಿಗೆ ಒಪ್ಪಿಸಿದ ನಂತರ. ಆ ಕಾಲದಲ್ಲಿ ಮಕ್ಕಳಿಗೆ ಎರಡು ಮೂರು ವರ್ಷ ಹಾಲೂಡಿಸುತ್ತಿದ್ದರು. ನಡುವಿನ ಆ ತಿಂಗಳುಗಳಲ್ಲಿ ಹನ್ನಳ ಮನಸ್ಸು ಹೇಗಿತ್ತು ಎಂಬುದನ್ನು ಗ್ರಂಥ ಹೇಳುವುದಿಲ್ಲ. ಹೇಳುವುದು ಒಂದನ್ನೇ: ಮನೆಯವರೆಲ್ಲ ವರ್ಷದ ಯಜ್ಞಕ್ಕೆ ಹೊರಟಾಗ ಆಕೆ ಹೋಗಲಿಲ್ಲ, ಮಗು ಮೊಲೆಬಿಡುವ ತನಕ ಬರುವುದಿಲ್ಲ ಎಂದಳು, ಗಂಡ ಎಲ್ಕಾನ ನಿನಗೆ ಸರಿತೋರಿದಂತೆ ಮಾಡು ಎಂದ. ಆರಾಧನೆಗೆ ಹೋಗದೆ ಮನೆಯಲ್ಲಿ ಉಳಿದ ಬಾಣಂತಿಯನ್ನು ಅಲ್ಲಿ ಯಾರೂ ಕೃತಘ್ನಳು ಎನ್ನಲಿಲ್ಲ. ಆಕೆ ಆ ವಾಕ್ಯವನ್ನು ಎರಡು ಸಲ ಓದಿ, ಪುಸ್ತಕವನ್ನು ಎದೆಗವಚಿಕೊಂಡು ಅತ್ತರು.

ಗಂಡನೊಂದಿಗೆ ಬೇರೆಯಾಗಿ ಮಾತಾಡಿದಾಗ ಎಲ್ಕಾನನ ಎರಡು ಮಾತುಗಳನ್ನೂ ಅವರ ಮುಂದಿಟ್ಟೆ. ಮಕ್ಕಳಿಲ್ಲದಾಗ ಅಳುತ್ತಿದ್ದ ಹೆಂಡತಿಗೆ ಅವನು, ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವೇ ಎಂದು ಕೇಳಿದ್ದ. ಪ್ರೀತಿಯ ಮಾತೇ, ಆದರೆ ಆಕೆಯ ದುಃಖವನ್ನು ಅದು ಕೇಳಿಸಿಕೊಳ್ಳಲಿಲ್ಲ. "ನಾನೂ ಅದನ್ನೇ ಅಂದೀನಿ" ಎಂದರು ಅವರು. ಎರಡನೆಯ ಮಾತನ್ನು, ಅಂದರೆ ನಿನಗೆ ಸರಿತೋರಿದಂತೆ ಮಾಡು ಎಂಬುದನ್ನು, ಸಾಕ್ಷಿಯ ದಿನದ ವಿಷಯದಲ್ಲಿ ಅವರೇ ಹೇಳಬೇಕೆಂದು ಸಲಹೆ ಕೊಟ್ಟೆ. ಅವರು ಸಭಾಪಾಲಕರಲ್ಲಿಗೆ ಹೋಗಿ ಆ ಕಾರ್ಯಕ್ರಮವನ್ನು ನಿಲ್ಲಿಸಿ ಬಂದರು. ಸಭಾಪಾಲಕರು ಕಾರಣವನ್ನು ಕೆದಕದೆ ಒಪ್ಪಿದ್ದು ದೊಡ್ಡ ಸಹಾಯವಾಯಿತು.

ಆಕೆಗೆ ಇನ್ನೂ ಹೆಚ್ಚು ನಿರಾಳ ತಂದವಳು ಸತ್ಯವೇದದ ಇನ್ನೊಬ್ಬ ತಾಯಿ, ಇಸಾಕನ ಹೆಂಡತಿ ರೆಬೆಕ್ಕ. ಒಬ್ಬ ಮಗನ ಪಕ್ಷ ವಹಿಸಿ ಇನ್ನೊಬ್ಬನಿಗೆ ಮೋಸವಾಗುವಂತೆ ಮಾಡಿದ ಆಕೆಯನ್ನು ಮಾದರಿ ತಾಯಿ ಎಂದು ನಾನು ಹೇಳಲಾರೆ. ಆದರೆ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ 25ನೆಯ ಅಧ್ಯಾಯವನ್ನು ಗಮನಿಸಿ. ಮದುವೆಯಾದಾಗ ಇಸಾಕನಿಗೆ 40 ವರ್ಷ, ಮಕ್ಕಳು ಹುಟ್ಟಿದಾಗ 60. ಇಪ್ಪತ್ತು ವರ್ಷ ಕಾದು, ಗಂಡ ಪ್ರಾರ್ಥಿಸಿ, ಬಸುರಾದ ಮೇಲೆ, ಹೊಟ್ಟೆಯಲ್ಲಿ ಅವಳಿ ಕೂಸುಗಳು ನೂಕಾಡತೊಡಗಿದಾಗ ಆಕೆಯ ಬಾಯಿಂದ ಬಂದದ್ದು ಸ್ತೋತ್ರವಲ್ಲ. ಹೀಗಾದರೆ ನಾನು ಏಕೆ ಬದುಕಬೇಕು ಎಂಬ ಅರ್ಥದ ಮಾತು. ಬೇಡಿ ಪಡೆದದ್ದೂ ಭಾರವಾಗಬಹುದು ಎಂಬುದನ್ನು ಗ್ರಂಥ ಮುಚ್ಚಿಡಲಿಲ್ಲ, ಆಕೆಯನ್ನು ಗದರಿಸಲೂ ಇಲ್ಲ. ಆಕೆ ಆ ಮಾತನ್ನು ಒಳಗೇ ಇಟ್ಟುಕೊಳ್ಳದೆ ಯೆಹೋವನನ್ನು ವಿಚಾರಿಸಲು ಹೋದಳು, ಆಕೆಗೆ ಉತ್ತರವೂ ಸಿಕ್ಕಿತು. "ಹಂಗಾದ್ರ ನಾನೊಬ್ಬಾಕೆನ ಅಲ್ಲ" ಎಂದರು ನನ್ನ ಎದುರಿಗಿದ್ದ ತಾಯಿ.

ಸತ್ಯವೇದದ ಜ್ಞಾನೋಕ್ತಿಗಳು ಎಂಬ ಪುಸ್ತಕದ ಕೊನೆಯ ಅಧ್ಯಾಯದ ಗುಣವತಿಯಾದ ಸತಿಯ ವಾಕ್ಯಗಳನ್ನು ಸಂಬಂಧಿಯೊಬ್ಬರು ದಿನವೂ ಫೋನಿಗೆ ಕಳಿಸುತ್ತಿದ್ದರು. ಅದು ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಹೆಣೆದ ಪದ್ಯ, ಬಾಣಂತಿಯ ದಿನಚರಿಯಲ್ಲ. ಆ ಮನೆಯಲ್ಲಿ ದಾಸಿಯರಿದ್ದರು ಎಂಬುದು 15ನೆಯ ವಚನದಲ್ಲೇ ಇದೆ. ಆ ಸಂದೇಶಗಳನ್ನು ಸದ್ಯಕ್ಕೆ ತೆರೆಯಬೇಡಿ ಎಂದೆ.

ಐದನೆಯ ಭೇಟಿಯಲ್ಲಿ, ತಾನು ತೀರಾ ನಾಚಿಕೊಂಡಿದ್ದ ಸಂಗತಿಯನ್ನು ಆಕೆ ಹೇಳಿಕೊಂಡರು: ಒಂದು ಮಧ್ಯಾಹ್ನ ಮಗು ನಿಲ್ಲದೆ ಅತ್ತಾಗ ಅದನ್ನು ತೊಟ್ಟಿಲಲ್ಲಿ ಬಿಟ್ಟು, ಹಿತ್ತಲಿನ ನೀರಿನ ತೊಟ್ಟಿಯ ಬಳಿ ಕಿವಿ ಮುಚ್ಚಿಕೊಂಡು ಕೂತಿದ್ದರು. ನಾನು ಆದಿಕಾಂಡದ ಹಾಗರಳನ್ನು ನೆನಪಿಸಿದೆ. ಮರುಭೂಮಿಯಲ್ಲಿ ನೀರು ತೀರಿದಾಗ ಹಾಗರಳು ಮಗ ಇಷ್ಮಾಯೇಲನನ್ನು ಪೊದೆಯ ಕೆಳಗೆ ಬಿಟ್ಟು, ಬಾಣದೆಸೆತದಷ್ಟು ದೂರ ಹೋಗಿ ಕೂತು ಅತ್ತಳು. ಇಷ್ಮಾಯೇಲ ಆಗ ಎಳೆಗೂಸಲ್ಲ, ಆಕೆಯ ಸಂಕಟವೂ ಬೇರೆ. ಆದರೂ ಆಕೆಗೆ ಕೇಳಿಸಿದ ಮೊದಲ ಮಾತು ಏಕೆ ಬಿಟ್ಟೆ ಎಂಬ ಪ್ರಶ್ನೆಯಲ್ಲ, ಹಾಗರಳೇ, ನಿನಗೇನಾಯಿತು ಎಂಬುದು. ಮಗುವನ್ನು ಸುರಕ್ಷಿತ ಜಾಗದಲ್ಲಿ ಮಲಗಿಸಿ ಐದು ನಿಮಿಷ ದೂರ ಸರಿಯುವುದು ತಪ್ಪಲ್ಲ, ಸಹನೆ ಮೀರಿದಾಗ ಅದೇ ಮಾಡಬೇಕಾದ್ದು ಎಂದು ತಿಳಿಸಿದೆ; ಆದರೆ ಹೋಗುವ ಮೊದಲು ಮನೆಯಲ್ಲಿ ಯಾರನ್ನಾದರೂ ಕೂಗಿ ಹೇಳಬೇಕು ಎಂಬ ನಿಯಮವನ್ನೂ ಸೇರಿಸಿದೆ.

ಅತ್ತೆಯನ್ನು ಒಮ್ಮೆ ಕರೆದು ಕೂರಿಸಿದೆ. ಮೌನವಾಗಿ ತುಟಿಯಾಡಿಸುತ್ತಿದ್ದ ಹನ್ನಳನ್ನು ಕುಡಿದವಳೆಂದು ತಿಳಿದ ಏಲಿ, ಆಕೆ ವಿವರಿಸಿದ ಮೇಲೆ ತನ್ನ ಮಾತು ಬದಲಿಸಿ ಸಮಾಧಾನದಿಂದ ಹೋಗು ಎಂದದ್ದನ್ನು ನೆನಪಿಸಿದೆ. ಅವರು ಬಹಳ ಮಾತಾಡಲಿಲ್ಲ. ಆ ವಾರದಿಂದ ನಸುಕಿನ ಹಾಲಿನ ಹೊತ್ತನ್ನು ತಾವೇ ವಹಿಸಿಕೊಂಡರು.

ಈಗ ಮಗುವಿಗೆ ಏಳು ತಿಂಗಳು. ಕಳೆದ ಭೇಟಿಯಲ್ಲಿ ಆಕೆಯ ಅಂಕ 7. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಇನ್ನೂ ಕೆಲವು ತಿಂಗಳು ಮುಂದುವರಿಸಬೇಕು ಎಂದು ವೈದ್ಯರು ಹೇಳಿದ್ದಾರೆ. ಮಗುವಿಗೆ ಗಂಡಹೆಂಡತಿ ತಾವೇ ಆರಿಸಿದ ಬೇರೊಂದು ಹೆಸರಿಟ್ಟಿದ್ದಾರೆ. ಸಾಕ್ಷಿಗೆ ದಿನ ಗೊತ್ತಾಗಿಲ್ಲ. ಕೇಳಿದವರಿಗೆ ಆಕೆ, "ಕೂಸು ಮೊಲಿ ಬಿಡ್ಲಿ, ಆಮ್ಯಾಲ ನೋಡೂಣು" ಎನ್ನುತ್ತಾರಂತೆ.