ಕ್ರೈಸ್ತ ಬೋಧನೆಯಲ್ಲಿ ಜ್ಞಾನ ಅಂದರೆ ಓದಿನಿಂದ ಬರುವ ತಿಳಿವಳಿಕೆ ಮಾತ್ರವೇ?

ಓದು ಬೇಕು, ಆದರೆ ಅದಷ್ಟೇ ಸಾಲದು. 13ನೇ ಶತಮಾನದ ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನೀತಿಶಾಸ್ತ್ರ ಓದಿದವನು ಶೀಲದ ಬಗ್ಗೆ ತರ್ಕ ಮಾಡಿ ತೀರ್ಮಾನ ಹೇಳಬಲ್ಲ. ಶೀಲವಂತನಾಗಿ ಬಾಳುವವನಿಗೆ ಆ ತರ್ಕ ಬೇಕಾಗಲ್ಲ, ಅವನ ಮನಸ್ಸಿನ ಒಲವೇ ಸರಿಯಾದದ್ದನ್ನು ಗುರುತಿಸುತ್ತದೆ. ದೇವರ ವಿಷಯದಲ್ಲಿ ಈ ಎರಡನೆಯ ಬಗೆಯ ತಿಳಿವನ್ನೇ ಅವರು ಪವಿತ್ರಾತ್ಮನ ವರವಾದ ಜ್ಞಾನ ಅನ್ನುತ್ತಾರೆ. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿ ಬುದ್ಧಿಯಲ್ಲಿ ನೆಲೆನಿಲ್ಲುವ ಗುಣ ಅದು. ಹಾಗಾಗಿ ಅಕ್ಷರ ಬಾರದ ಅಜ್ಜಿಗೂ ಅದು ಇರಬಹುದು, ನನಗೆ ಜಾಸ್ತಿ ಇಷ್ಟವಾಗುವುದು ಇದೇ.

ಈ ಜ್ಞಾನ ಯಾರಲ್ಲಿದೆ ಅಂತ ತಿಳಿಯುವುದು ಹೇಗೆ? ಬೈಬಲ್ಲಿನಲ್ಲಿರುವ ಯಾಕೋಬನ ಪತ್ರಿಕೆಯ (ಪತ್ರದ) 3ನೇ ಅಧ್ಯಾಯ ನೋಡಿ. ಮೇಲಿನಿಂದ ಬರುವ ಜ್ಞಾನ ಶುದ್ಧವಾದದ್ದು, ಸಮಾಧಾನದ್ದು, ಕರುಣೆ ತುಂಬಿದ್ದು ಅನ್ನುತ್ತದೆ ಅದು. ಹೊಟ್ಟೆಕಿಚ್ಚು, ಪೈಪೋಟಿ ಇಟ್ಟುಕೊಂಡು ಜ್ಞಾನಿ ಅಂತ ಕೊಚ್ಚಿಕೊಳ್ಳಬೇಡಿ ಅಂತಲೂ ಅಲ್ಲೇ ಇದೆ.