ಹಲೋ ಅಂದರೆ ಆ ಕಡೆ ಮೌನ

ಪ್ರಶ್ನೆ: ದಿನಕ್ಕೆ ಆರೇಳು ಸಲ ಗೊತ್ತಿಲ್ಲದ ನಂಬರ್‌ಗಳಿಂದ ಫೋನ್ ಬರುತ್ತದೆ. ಒಮ್ಮೊಮ್ಮೆ ಹಲೋ ಅಂದರೆ ಆ ಕಡೆ ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಸಾಲ, ಇಲ್ಲವೇ ವಿಮೆ. ‘ಈಗ ಬಿಜಿ, ಆಮೇಲೆ ಮಾಡಿ’ ಎಂದು ನಯವಾಗಿ ಹೇಳಿ ಇಡುತ್ತೇನೆ. ಮರುದಿನ ಮತ್ತೆ ಶುರು. ಬ್ಲಾಕ್ ಮಾಡಿ ಮಾಡಿ ಸಾಕಾಗಿದೆ.

ಉತ್ತರ: ಎರಡು ವರ್ಷ ನಾನೇ ಇಂಥ ಕರೆ ಮಾಡುವ ಕೆಲಸದಲ್ಲಿದ್ದೆ. ಹಾಗಾಗಿ ಆ ಕಡೆ ಏನು ನಡೆಯುತ್ತದೆ ಎಂದು ಹೇಳಬಲ್ಲೆ.

ನಿಮ್ಮ ನಂಬರನ್ನು ಒತ್ತುವುದು ಮನುಷ್ಯರಲ್ಲ, ಡಯಲರ್ ಎಂಬ ಯಂತ್ರ. ಎಲ್ಲರೂ ಫೋನ್ ಎತ್ತುವುದಿಲ್ಲ ಅಂತ ಅದಕ್ಕೆ ಗೊತ್ತು. ಹತ್ತು ಜನ ಕೂತಿದ್ದರೆ ಹತ್ತಕ್ಕಿಂತ ಜಾಸ್ತಿ ನಂಬರ್‌ಗಳಿಗೆ ಒಟ್ಟಿಗೇ ಕರೆ ಮಾಡುತ್ತದೆ. ಲೆಕ್ಕ ತಪ್ಪಿ ಜಾಸ್ತಿ ಜನ ಎತ್ತಿದರೆ, ನಿಮ್ಮ ಜೊತೆ ಮಾತಾಡಲು ಯಾರೂ ಖಾಲಿ ಇರುವುದಿಲ್ಲ. ನಿಮಗೆ ಕೇಳಿಸುವ ಮೌನ ಬಹಳ ಸಲ ಇದೇ.

ಇನ್ನು ನಿಮ್ಮ ಆ ನಯವಾದ ಮಾತು. ಕರೆ ಮುಗಿದ ಕೂಡಲೇ ನಮ್ಮ ಪರದೆ ಮೇಲೆ ಒಂದು ಪಟ್ಟಿ ತೆರೆದುಕೊಳ್ಳುತ್ತಿತ್ತು. ಎತ್ತಲಿಲ್ಲ, ಬೇಡ ಅಂದರು, ರಾಂಗ್ ನಂಬರ್, ಕಾಲ್ ಬ್ಯಾಕ್, ಇನ್ನು ಕರೆ ಮಾಡಬಾರದು. ಒಂದನ್ನು ಒತ್ತದೆ ಮುಂದಿನ ಕರೆ ಬರುತ್ತಿರಲಿಲ್ಲ. ‘ಆಮೇಲೆ ಮಾಡಿ’ ಅಂದವರಿಗೆಲ್ಲ ನಾನು ‘ಕಾಲ್ ಬ್ಯಾಕ್’ ಒತ್ತಿದ್ದೇನೆ. ಅಂಥವರನ್ನು ಯಂತ್ರ ಮರೆಯುವುದೇ ಇಲ್ಲ. ಒಬ್ಬರು ಮಗುವನ್ನು ಮಲಗಿಸುತ್ತಿದ್ದರು. ಪಿಸುದನಿಯಲ್ಲಿ ‘ಆಮೇಲಮ್ಮಾ’ ಅಂದರು. ನಾಲ್ಕು ದಿನದಲ್ಲಿ ಅವರ ಕರೆ ನನಗೇ ಮೂರು ಸಲ ಬಂತು. ಮೂರನೇ ಸಲ ಅವರಿಗೆ ಅಳುವೇ ಬಂದಿತ್ತು. ‘ಬೇಡ ಅಂತ ಹೇಳಿಬಿಡಿ ಮೇಡಂ, ನಂಬರ್ ತೆಗೆಸುತ್ತೇನೆ’ ಎಂದು ನಾನೇ ಹೇಳಿದೆ.

ನೀವೂ ಹಾಗೇ ಹೇಳಿ. ‘ನನಗೆ ಬೇಡ. ನಿಮ್ಮ ಪಟ್ಟಿಯಿಂದ ನನ್ನ ನಂಬರ್ ತೆಗೆಯಿರಿ. ಇನ್ನು ಕರೆ ಮಾಡಬೇಡಿ.’ ಇಷ್ಟು ಹೇಳಿ ಇಟ್ಟುಬಿಡಿ. ಇದು ಒರಟುತನ ಅಲ್ಲ. ಆ ಕಡೆ ಕೂತ ಹುಡುಗಿಗೂ ಇದೇ ಒಳ್ಳೆಯದು, ಒತ್ತಬೇಕಾದ ಗುಂಡಿ ಯಾವುದು ಅಂತ ಗೊತ್ತಾಗುತ್ತದೆ. ಬ್ಲಾಕ್ ಮಾಡುವುದು ತಪ್ಪಲ್ಲ. ಆದರೆ ಅವರ ಹತ್ತಿರ ನಂಬರ್‌ಗಳು ಬೇಕಾದಷ್ಟಿರುತ್ತವೆ, ಒಂದು ಹೋದರೆ ಇನ್ನೊಂದು. ಇದೆಲ್ಲ ನಿಜವಾದ ಕಂಪನಿಗಳ ಮಾತು. ಮೋಸದ ಕರೆ ಅನ್ನಿಸಿದರೆ ಒಂದು ಮಾತೂ ಬೇಡ, ಸುಮ್ನೆ ಕಟ್ ಮಾಡಿ.

ಪ್ರಶ್ನೆ: ರಾತ್ರಿ ಒಂದೇ ರಿಂಗ್ ಆಗಿ ನಿಲ್ಲುತ್ತದೆ. ನಂಬರ್ ಯಾವುದೋ ಹೊರದೇಶದ್ದು. ತಿರುಗಿ ಮಾಡಲೇ?

ಉತ್ತರ: ಬೇಡ. ಜಪಾನಿನಲ್ಲಿ ಇದಕ್ಕೆ ‘ವಾನ್‌ಗಿರಿ’ ಅಂತಲೇ ಹೆಸರಿದೆ. ಒಂದು ರಿಂಗ್, ಆಮೇಲೆ ಕಟ್ ಅಂತ ಅರ್ಥ. ಆ ನಂಬರ್‌ಗೆ ಕರೆ ಮಾಡಿದರೆ ನಿಮಿಷಕ್ಕೆ ದುಬಾರಿ ದರ, ಅದರಲ್ಲಿ ಅವರಿಗೊಂದು ಪಾಲು. ನಿಮ್ಮಿಂದ ನಿಜವಾಗಿ ಕೆಲಸ ಇದ್ದವರು ಮತ್ತೆ ಮಾಡುತ್ತಾರೆ, ಇಲ್ಲವೇ ಮೆಸೇಜ್ ಹಾಕುತ್ತಾರೆ.

ಪ್ರಶ್ನೆ: ಅಪ್ಪನಿಗೆ ಬ್ಯಾಂಕಿನವರು ಅಂತ ಫೋನ್ ಬಂತು. ಪರದೆ ಮೇಲೂ ಬ್ಯಾಂಕಿನದೇ ನಂಬರ್. ‘*21* ಒತ್ತಿ, ಮುಂದೆ ನಾವು ಹೇಳುವ ನಂಬರ್ ಹಾಕಿ’ ಅಂದರಂತೆ. ಅಪ್ಪ ಹಾಗೇ ಮಾಡಿದ್ದಾರೆ. ಆಮೇಲೆ ನಮ್ಮ ಕರೆ ಅವರಿಗೆ ಹೋಗುತ್ತಿಲ್ಲ.

ಉತ್ತರ: ನಿಮಗೆ ಆ ದಿನವೇ ಉತ್ತರ ಕಳಿಸಿದ್ದೆ. ಬೇರೆಯವರಿಗೂ ಬೇಕಾಗಬಹುದು ಅಂತ ಇಲ್ಲೂ ಬರೆಯುತ್ತಿದ್ದೇನೆ. *21* ಅಂದರೆ ಕಾಲ್ ಫಾರ್ವರ್ಡಿಂಗ್. ನಿಮ್ಮಪ್ಪನಿಗೆ ಬರುವ ಕರೆಯೆಲ್ಲ ಮೋಸಗಾರರ ಫೋನಿಗೆ ಹೋಗುತ್ತದೆ. ಒಟಿಪಿಯನ್ನು ಕರೆ ಮಾಡಿ ಹೇಳುವ ವ್ಯವಸ್ಥೆ ಇದ್ದರೆ ಅದೂ ಅವರ ಕಿವಿಗೇ ಬೀಳುತ್ತದೆ. ##002# ಡಯಲ್ ಮಾಡಿದರೆ ಹೆಚ್ಚಿನ ಮೊಬೈಲ್‌ಗಳಲ್ಲಿ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಆಮೇಲೆ *#21# ಹಾಕಿ, ನಿಜಕ್ಕೂ ನಿಂತಿದೆಯಾ ನೋಡಿ. ಕಾರ್ಡಿನ ಹಿಂದೆ ಇರುವ ನಂಬರ್‌ಗೆ ನೀವೇ ಕರೆ ಮಾಡಿ ಬ್ಯಾಂಕಿಗೆ ತಿಳಿಸಿ. ಪರದೆ ಮೇಲೆ ಕಾಣುವ ನಂಬರ್ ನಂಬಬೇಡಿ. ಬೇರೆಯವರ ನಂಬರ್ ತೋರಿಸಿ ಕರೆ ಮಾಡಲು ಬರುತ್ತದೆ, ಅದಕ್ಕೆ ಸ್ಪೂಫಿಂಗ್ ಅಂತಾರೆ.

ದಯವಿಟ್ಟು ಅಪ್ಪನನ್ನು ಬೈಯಬೇಡಿ. ಬೈದರೆ ಮುಂದಿನ ಸಲ ನಿಮ್ಮ ಹತ್ತಿರ ಹೇಳುವುದೇ ಇಲ್ಲ. ಆ ##002# ಅನ್ನು ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು, ಅವರ ಫೋನಿನ ಕವರ್ ಒಳಗೆ ಇಟ್ಟುಬಿಡಿ.